ನಲವತ್ತು ಕೆ.ಜಿ. ರಸ, ಮೂರು ಥರದ ಫಸಲು: ಒಂದು ಕಾಚಂಪುಳಿ ಒಲೆಯ ಪ್ರಕರಣ

38, 25, 11. ಈ ಮೂರು ಅಂಕಿಯೂ ಬಾಟಲಿಗಳ ಲೆಕ್ಕ. ಒಂದೇ ಮನೆ, ಒಂದೇ ಮಳೆಗಾಲ, ಪ್ರತಿ ಸಲವೂ ಕಾಚಂಪುಳಿ ಎಂಬ ಹುಳಿ ಪಾಕ ಮಾಡಲು ಒಲೆ ಮೇಲಿಟ್ಟದ್ದು 40 ಕೆ.ಜಿ. ಪಣಪುಳಿ ಹಣ್ಣಿನ ರಸ. ಇಳಿಸಿದಾಗ ಮೊದಲ ಸಲ 38 ಬಾಟಲಿ, ಎರಡನೇ ಸಲ 25, ಮೂರನೇ ಸಲ 11. ಬಾಟಲಿ ಎಲ್ಲ ಒಂದೇ ಅಳತೆಯವು, 250 ಎಂ.ಎಲ್.

ಆ ಮನೆಯ ಹೆಣ್ಣುಮಗಳು ಈ ಮೂರು ಅಂಕಿ ಬರೆದ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಅವರ ತಮ್ಮನ ಮಗ ನನ್ನ ವಿದ್ಯಾರ್ಥಿ. ಹೆಸರು, ಊರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಮಡಿಕೇರಿ ಕಡೆಯ ಒಂದು ಹಳ್ಳಿ, ಎತ್ತರ ಸುಮಾರು 1,100 ಮೀಟರ್ ಎಂದರೆ ಸಾಕು. ಆ ಎತ್ತರದ ಕತೆ ಮುಂದೆ ಬೇಕಾಗುತ್ತದೆ. ಆ ಹೆಣ್ಣುಮಗಳನ್ನು ಅಕ್ಕ ಎಂದೇ ಕರೆಯುತ್ತೇನೆ, ಹುಡುಗನನ್ನು ಹುಡುಗ ಅಂತ.

ಹಿನ್ನೆಲೆ

ಕೊಡಗಿನ ಹೊರಗಿನವರಿಗೆ ಎರಡು ಮಾತು. ಕೊಡವ ಮಾತಿನಲ್ಲಿ ಪಣಪುಳಿ, ಮಲೆನಾಡಿನ ಕಡೆ ಉಪ್ಪಾಗೆ, ಶಾಸ್ತ್ರದ ಹೆಸರು ಗಾರ್ಸೀನಿಯಾ ಗಮ್ಮಿಗಟ್ಟಾ. ಮಳೆಗಾಲದಲ್ಲಿ ಹಣ್ಣು ಮಾಗಿ ಉದುರುತ್ತದೆ. ಆಯ್ದು ತಂದು ಬಿದಿರು ಬುಟ್ಟಿಗೆ ತುಂಬಿ, ಕೆಳಗೊಂದು ಪಾತ್ರೆ ಇಡುತ್ತಾರೆ. ಹಣ್ಣು ಕೊಳೆಯುತ್ತಾ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದರೆ ಕಪ್ಪಗೆ, ಬೆಲ್ಲದ ಪಾಕದಂತೆ ನಿಲ್ಲುವುದೇ ಕಾಚಂಪುಳಿ. ಹಂದಿ ಸಾರು ಕಪ್ಪಾಗುವುದು ಇದರಿಂದಲೇ. ಸರಿಯಾಗಿ ಇಳಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ.

ಅಕ್ಕನ ಮನೆಯಲ್ಲಿ ಇದನ್ನು ಮಾಡುತ್ತಿದ್ದವರು ಅವರ ಅತ್ತೆ. ಅತ್ತೆ ತೀರಿಕೊಂಡು ಎರಡು ವರ್ಷ. ಅವರು ಬಿಟ್ಟುಹೋದದ್ದು ಮೂರು ವಸ್ತು: ಬಿರುಕು ಬಿಟ್ಟ ಅಗಲ ಬಾಯಿಯ ಮಣ್ಣಿನ ಪಾತ್ರೆ, ಗೀರು ಹಾಕಿದ ಒಂದು ಕೋಲು, ಅಟ್ಟದಲ್ಲಿ ಅರ್ಧ ಬಾಟಲಿ ಹಳೆ ಕಾಚಂಪುಳಿ. ಆ ಪಾತ್ರೆಯಲ್ಲಿ 13-14 ಬಾಟಲಿ ಆಗುತ್ತಿತ್ತು ಎಂದು ಅಕ್ಕನಿಗೆ ಚೆನ್ನಾಗಿ ನೆನಪಿತ್ತು.

ಮಾರಲು ಶುರುಮಾಡಿದ್ದು ಅಕ್ಕನೇ. ಮಣ್ಣಿನ ಪಾತ್ರೆ ಸೋರುತ್ತದೆ ಅಂತ ಸಪಾಟು ತಳದ ದೊಡ್ಡ ಸ್ಟೀಲ್ ಪಾತ್ರೆ ತಂದರು. ಇದು ಒಳ್ಳೆಯ ನಿರ್ಧಾರ. ಇಷ್ಟು ಹುಳಿಯನ್ನು ಅಲ್ಯೂಮಿನಿಯಂ, ಕಬ್ಬಿಣ ಅಥವಾ ಕಲಾಯಿ ಇಲ್ಲದ ತಾಮ್ರದಲ್ಲಿ ಕುದಿಸಿದರೆ ಲೋಹ ರಸಕ್ಕಿಳಿಯುತ್ತದೆ. ತೊಂದರೆ ಶುರುವಾದದ್ದೂ ಆ ಪಾತ್ರೆಯಿಂದಲೇ ಎಂದು ಗೊತ್ತಾಗಲು ನಮಗೆ ಹದಿನೈದು ದಿನ ಹಿಡಿಯಿತು.

ಮೂರು ಸಲ, ಮೂರು ಉಪಾಯ

ಮೊದಲ ಸಲ ಅಕ್ಕ ಕೋಲಿನ ಲೆಕ್ಕ ಹಿಡಿದರು. ಗೀರು ಇದ್ದದ್ದು ಹಳೆ ಪಾತ್ರೆಯ ಆಳದ ಕಾಲು ಭಾಗಕ್ಕೆ. ಹೊಸ ಪಾತ್ರೆಯಲ್ಲೂ ಕಾಲು ಭಾಗಕ್ಕೆ ಇಳಿದಾಗ ನಿಲ್ಲಿಸಿದರು. ತೆಳ್ಳಗಿದೆ ಅನಿಸಿತು. ಆದರೆ ಕೊಡವರ ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಿತ್ತು, ಆರ್ಡರ್ ಇತ್ತು, ಆರಿದ ಮೇಲೆ ಗಟ್ಟಿಯಾದೀತು ಎಂದುಕೊಂಡರು. 38 ಬಾಟಲಿ ಹೋಯಿತು. ಮೂರು ವಾರದಲ್ಲಿ ಫೋನ್ ಬರಲು ಶುರು. ಮೇಲೆ ಬಿಳಿ ಪೊರೆ ಕಟ್ಟಿದೆ, ಮುಚ್ಚಳ ತೆಗೆದರೆ ಸೊಂಯ್ ಅನ್ನುತ್ತದೆ. ದುಡ್ಡು ವಾಪಸ್ ಕೊಟ್ಟರು.

ಎರಡನೇ ಸಲ ಕಣ್ಣಳತೆ. ತಟ್ಟೆ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿ ನೋಡುವುದು. ಬಿಸಿ ರಸ ಹರಿಯುವುದೇ ಬೇರೆ, ಆರಿದ್ದು ಹರಿಯುವುದೇ ಬೇರೆ. ಅತ್ತೆಗೆ ಆ ಅಂದಾಜು ಬೆರಳ ತುದಿಯಲ್ಲಿತ್ತು, ಅಕ್ಕನಿಗೆ ಇನ್ನೂ ಬಂದಿರಲಿಲ್ಲ. 25 ಬಾಟಲಿ.

ಮೂರನೇ ಸಲ ಹುಡುಗ ಥರ್ಮಾಮೀಟರ್ ತಂದ. ಜಾಮ್ ಮಾಡುವವರು 105 ಡಿಗ್ರಿ ಬಂದಾಗ ಇಳಿಸುತ್ತಾರೆ ಎಂದು ಫೋನಿನಲ್ಲಿ ಓದಿದ್ದ. ಉಪಾಯ ದಡ್ಡತನದ್ದೇನಲ್ಲ. ದ್ರಾವಣ ಗಟ್ಟಿಯಾದಷ್ಟೂ ಅದು ಕುದಿಯುವ ಉಷ್ಣತೆ ಏರುತ್ತದೆ. ಆದರೆ ಆ 105 ಸಮುದ್ರ ಮಟ್ಟದವರ ಲೆಕ್ಕ. ಅಲ್ಲಿ ನೀರು 100ಕ್ಕೆ ಕುದಿಯುತ್ತದೆ, ಜಾಮ್ ಅದಕ್ಕಿಂತ 5 ಡಿಗ್ರಿ ಮೇಲೆ. ಈ ಎತ್ತರದಲ್ಲಿ ನೀರೇ ಸುಮಾರು 96ಕ್ಕೆ ಕುದಿಯುತ್ತದೆ. ಅಂದರೆ ಇಲ್ಲಿ 101ಕ್ಕೆ ಇಳಿಸಬೇಕಿತ್ತು. ಹುಡುಗ ಹಟಹಿಡಿದು 105 ಬರುವವರೆಗೆ ಬೆಂಕಿ ಹಾಕಿದ. ಬಂದದ್ದು 11 ಬಾಟಲಿ ಡಾಂಬರು. ಸೀಸೆ ತಲೆಕೆಳಗು ಮಾಡಿದರೂ ಬೀಳಲ್ಲ.

ಕಾಗದದ ಮೇಲೆ ಮೊದಲ ಲೆಕ್ಕ

ನಾನು ಕೇಳಿದ ಮೊದಲ ಪ್ರಶ್ನೆ, 'ಅಕ್ಕ, ಕುದಿಸುವಾಗ ಹೋಗುವುದು ಏನು?'

'ನೀರು.'

'ಹುಳಿ?'

'ಹುಳಿ ಹೋದರೆ ಮತ್ತೆ ಕಾಚಂಪುಳಿ ಎಂಥದು ಮೇಷ್ಟ್ರೇ?'

ಇಡೀ ಲೆಕ್ಕ ಇದರ ಮೇಲೆ ನಿಂತಿದೆ. ನೀರು ಹೋಗುತ್ತದೆ, ಕರಗಿದ್ದು ಉಳಿಯುತ್ತದೆ. ಹಾಗಾದರೆ ಮೊದಲಿನ ತೂಕ × ಮೊದಲಿನ ಸಾರತೆ = ಕೊನೆಯ ತೂಕ × ಕೊನೆಯ ಸಾರತೆ. ಪಠ್ಯಪುಸ್ತಕದಲ್ಲಿ ಇದನ್ನು ನೀರು ಸೇರಿಸಿ ತೆಳು ಮಾಡುವಾಗ ಕಲಿಸುತ್ತೇವೆ. ಆವಿಯಾಗುವುದು ಅದರ ಉಲ್ಟಾ, ಅಷ್ಟೇ. (ಸಾರತೆಯನ್ನು ಸಾಂದ್ರತೆ ಎಂದು ಬರೆಯುವ ಹುಡುಗರಿಗೆ ಪ್ರತಿ ವರ್ಷ ಬೈಯುತ್ತೇನೆ. ಸಾರತೆ ಅಂದರೆ ಎಷ್ಟು ಕರಗಿದೆ ಎಂಬುದು, ಸಾಂದ್ರತೆ ಅಂದರೆ ಒಂದು ಲೀಟರ್ ಎಷ್ಟು ತೂಗುತ್ತದೆ ಎಂಬುದು. ಈ ಪ್ರಕರಣದಲ್ಲಿ ಎರಡೂ ಬರುತ್ತವೆ.)

ಹಸಿ ರಸದ ಹುಳಿ ಎಷ್ಟು ಎಂದು ಕಾಲೇಜಿನ ಲ್ಯಾಬಿನಲ್ಲಿ ನೋಡಿದೆವು. 5 ಗ್ರಾಂ ರಸ ತೂಗಿ, ನೀರು ಬೆರೆಸಿ, ಫಿನಾಲ್ಫ್ತಲೀನ್ (ಆಮ್ಲ ಮುಗಿದೊಡನೆ ಗುಲಾಬಿಯಾಗುವ ಸೂಚಕ) ಎರಡು ಹನಿ ಹಾಕಿ, ಆಮ್ಲವನ್ನು ತಟಸ್ಥ ಮಾಡುವ ಕ್ಷಾರವಾದ ಸೋಡಿಯಂ ಹೈಡ್ರಾಕ್ಸೈಡನ್ನು 0.1 ನಾರ್ಮಲ್ ಸಾರತೆಯಲ್ಲಿ ಬಿಡುತ್ತಾ ಹೋದೆವು. 23.4 ಎಂ.ಎಲ್.ಗೆ ಗುಲಾಬಿ ಬಣ್ಣ ನಿಂತಿತು. ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ ಹೇಳಿದರೆ ಒಂದು ಎಂ.ಎಲ್.ಗೆ 6.4 ಮಿಲಿಗ್ರಾಂ. ಹಾಗಾಗಿ 150 ಮಿಲಿಗ್ರಾಂ. 5 ಗ್ರಾಂನಲ್ಲಿ 150 ಮಿಲಿಗ್ರಾಂ ಅಂದರೆ ಶೇ. 3.0. ನಲವತ್ತು ಕೆ.ಜಿ. ರಸದಲ್ಲಿ 1.2 ಕೆ.ಜಿ. ಆಮ್ಲ.

ಹುಡುಗ ಒಂದು ಸಾಲು ಬರೆದ. 40 ಕೆ.ಜಿ. ಇದ್ದಾಗ ಶೇ. 3. 20ಕ್ಕೆ ಇಳಿದಾಗ 6. 10ಕ್ಕೆ 12. 5ಕ್ಕೆ 24. ಆಮೇಲೆ ಖುಷಿಯಲ್ಲಿ ಎರಡೂವರೆಗೆ 48 ಎಂದೂ ಬರೆದ.

ಅಲ್ಲಿ ತಡೆದೆ. ರಸದಲ್ಲಿ ಆಮ್ಲ ಒಂದೇ ಅಲ್ಲ, ಸಕ್ಕರೆ ಮತ್ತಿತರ ಕರಗಿದ ವಸ್ತುಗಳೂ ಇವೆ. ಬೆಳಕು ಬಾಗುವುದನ್ನು ನೋಡಿ ಸಾರತೆ ಹೇಳುವ ರಿಫ್ರಾಕ್ಟೋಮೀಟರಿನಲ್ಲಿ ಹಸಿ ರಸ 8 ಬ್ರಿಕ್ಸ್ (ನೂರು ಗ್ರಾಂನಲ್ಲಿ ಕರಗಿದ್ದು ಸುಮಾರು 8 ಗ್ರಾಂ) ತೋರಿಸಿತ್ತು. ಅಂದರೆ 40 ಕೆ.ಜಿ.ಯಲ್ಲಿ ಕರಗಿದ್ದೇ ಹತ್ತಿರ ಹತ್ತಿರ 3.2 ಕೆ.ಜಿ. ನೀರೆಲ್ಲ ಹೋದರೂ ಅಷ್ಟು ಉಳಿಯಲೇಬೇಕು. ಎರಡೂವರೆ ಕೆ.ಜಿ.ಗೆ ಇಳಿಸುವುದು ಹೇಗೆ? ಸೂತ್ರಕ್ಕೆ ಇದೊಂದು ಗೊತ್ತಾಗುವುದಿಲ್ಲ, ಯಾವ ಸಂಖ್ಯೆ ಕೊಟ್ಟರೂ ಉತ್ತರ ಕೊಡುತ್ತದೆ.

ಆ ಸಾಲನ್ನು ಅಕ್ಕನಿಗೆ ತೋರಿಸಿದಾಗ ಅವರ ಕಣ್ಣಿಗೆ ಬಿದ್ದದ್ದು ನನಗೂ ಹುಡುಗನಿಗೂ ತಕ್ಷಣ ಹೊಳೆಯದ ವಿಷಯ. 'ಮೇಷ್ಟ್ರೇ, ಇಪ್ಪತ್ತು ಕೆ.ಜಿ. ನೀರು ಓಡಿಸಿದರೂ ಮೂರು ಆರಾಯಿತು ಅಷ್ಟೇ. ಕೊನೆ ಐದು ಕೆ.ಜಿ.ಗೆ ಹನ್ನೆರಡು ಇದ್ದದ್ದು ಇಪ್ಪತ್ತನಾಲ್ಕಾ?'

ಹೌದು. ಅವರ ಒಲೆಯಲ್ಲಿ ಬೆಂಕಿ ಚೆನ್ನಾಗಿ ಹತ್ತಿದಾಗ ಹತ್ತು ನಿಮಿಷಕ್ಕೆ ಸುಮಾರು ಒಂದು ಕೆ.ಜಿ. ನೀರು ಹೋಗುತ್ತದೆ. ಮೊದಲ ಹತ್ತು ನಿಮಿಷ ನೀವು ಫೋನಿನಲ್ಲಿ ಮಾತಾಡುತ್ತಾ ಮರೆತರೆ 40 ಇದ್ದದ್ದು 39 ಆಗುತ್ತದೆ, ಹುಳಿ 3.0 ಇದ್ದದ್ದು 3.08. ಯಾರ ನಾಲಿಗೆಗೂ ತಿಳಿಯಲ್ಲ. ಅದೇ ಹತ್ತು ನಿಮಿಷ ಕೊನೆಯಲ್ಲಿ ಮರೆತರೆ 5 ಇದ್ದದ್ದು 4, ಹುಳಿ 24 ಇದ್ದದ್ದು 30. ಒಲೆ ಅದೇ, ಬೆಂಕಿ ಅದೇ, ಮರೆವೂ ಅದೇ. ನೀರು ಸಮನಾಗಿ ಇಳಿಯುತ್ತದೆ, ಹುಳಿ ಕೊನೆಯಲ್ಲಿ ಜಿಗಿಯುತ್ತದೆ. ಅತ್ತೆ ಬೆಳಗ್ಗೆಯೆಲ್ಲ ತೋಟದಲ್ಲಿದ್ದು, ಕೊನೆ ಒಂದು ಗಂಟೆ ಮಾತ್ರ ಒಲೆ ಬಿಟ್ಟು ಏಳುತ್ತಿರಲಿಲ್ಲವಂತೆ. ಯಾರಾದರೂ ಬಂದರೂ 'ಕೂತ್ಕೊಳ್ಳಿ' ಅಂತ ಅಲ್ಲಿಂದಲೇ ಕೂಗುತ್ತಿದ್ದರಂತೆ.

'ಹಾಗಾದರೆ ಎಷ್ಟು ಗಂಟೆ ಕುದಿಸಬೇಕು ಅಂತ ಹೇಳಿಬಿಡಿ' ಎಂದರು ಅಕ್ಕ. ಗಂಟೆ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. 35 ಕೆ.ಜಿ. ಓಡಿಸಲು ಸುಮಾರು 79,000. ಕಕ್ಕಡ ತಿಂಗಳ (ಕೊಡವರ ಜೋರು ಮಳೆಯ ತಿಂಗಳು) ಒದ್ದೆ ಸೌದೆಯಲ್ಲಿ ಅದು ಆರು ಗಂಟೆಗೂ ಬರಬಹುದು, ಒಂಬತ್ತು ಗಂಟೆಗೂ ಬರಬಹುದು. ಬೇಗ ಆಯಿತೋ ತಡವಾಯಿತೋ ಸಾರತೆಗೆ ಗೊತ್ತಿಲ್ಲ. ಎಷ್ಟು ನೀರು ಹೋಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು.

ಕೋಲಿನ ಗುಟ್ಟು

ಅತ್ತೆಯ ಕೋಲು ನನ್ನನ್ನು ಕಾಡುತ್ತಿತ್ತು. ಆಳದ ಕಾಲು ಭಾಗ ಅಂದರೆ ನಾಲ್ಕು ಪಟ್ಟು ಗಟ್ಟಿ. ಅಷ್ಟಕ್ಕೇ ಇಳಿಸಿದ ಕಾಚಂಪುಳಿ ವರ್ಷಗಟ್ಟಲೆ ಬಾಳುವುದು ಸಾಧ್ಯವಿಲ್ಲ. ಅಕ್ಕನ ಮೊದಲ 38 ಬಾಟಲಿಯೇ ಅದಕ್ಕೆ ಸಾಕ್ಷಿ.

ಹಳೆ ಪಾತ್ರೆಯನ್ನೇ ನೋಡೋಣ ಎಂದು ಹೋದೆ. ಬಿರುಕು ಬಿಟ್ಟದ್ದಕ್ಕೆ ನೀರು ಹೊಯ್ದು ಅಳೆಯುವ ಹಾಗಿರಲಿಲ್ಲ. ಅಕ್ಕ ಒಳಗಿನಿಂದ ಭತ್ತದ ಚೀಲ, ಸೇರು ತಂದರು. ಪಾತ್ರೆಯ ತಳ ಉರುಟು, ಅರ್ಧ ತೆಂಗಿನಕಾಯಿ ಚಿಪ್ಪಿನ ಹಾಗೆ. ಕೋಲನ್ನು ನೆಟ್ಟಗೆ ಹಿಡಿದು ಹುಡುಗ ಕೂತ. ಅಕ್ಕ ಸೇರು ಸೇರಾಗಿ ಸುರಿದು ಅಂಗೈಯಿಂದ ಸಮ ಮಾಡುತ್ತಾ ಎಣಿಸಿದರು. ಮೂರು ಸೇರಿಗೆ ಭತ್ತ ಗೀರಿಗೆ ಮುಟ್ಟಿತು.

ಹುಡುಗ ನನ್ನ ಮುಖ ನೋಡಿದ. ಮುಂದೆ ಸುರಿದರು. ಬಾಯಿವರೆಗೆ ತುಂಬಲು 35 ಸೇರು ಬೇಕಾಯಿತು.

ಕಾಲು ಭಾಗ ಆಳ, ಆದರೆ ಹನ್ನೆರಡರಲ್ಲಿ ಒಂದು ಪಾಲಿನ ಆಸುಪಾಸು ಗಾತ್ರ. ಉರುಟು ತಳದ ಪಾತ್ರೆಯಲ್ಲಿ ಕೆಳಗೆ ಹೋದ ಹಾಗೆ ಜಾಗ ಕಿರಿದಾಗುತ್ತದೆ ಅಲ್ವಾ. ಅರ್ಧಗೋಳದ ಸೂತ್ರ ಹಾಕಿದರೂ 0.086 ಬರುತ್ತದೆ. ಭತ್ತದ ಲೆಕ್ಕವೂ ಅದೇ, 3 ಭಾಗಿಸು 35. ಅತ್ತೆ ಸೂತ್ರ ಓದಿದವರಲ್ಲ, ಆದರೆ ಕೋಲಿನಲ್ಲಿ ಅದು ಕೂತಿತ್ತು. ಕೋಲು ಆ ಪಾತ್ರೆಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಯಾರಿಗೂ ಹೇಳುವ ಅಗತ್ಯ ಅವರಿಗೆ ಬಂದಿರಲಿಲ್ಲ. ಸಪಾಟು ತಳದಲ್ಲಿ ಕಾಲು ಭಾಗ ಆಳ ಅಂದರೆ ಗಾತ್ರವೂ ಕಾಲು ಭಾಗವೇ. ಅಕ್ಕನ ಮೊದಲ ಕುದಿಯಲ್ಲಿ ಹುಳಿ ಶೇ. 11ಕ್ಕೆ ನಿಂತಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆವು.

ಇಲ್ಲಿ ಒಂದು ನಿರ್ಧಾರ ಮಾಡಿದೆವು: ಇನ್ನು ಮೇಲೆ ಆಳ, ಗಾತ್ರ ಏನೂ ಬೇಡ, ತೂಕ ಮಾತ್ರ. ಕಾಫಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲೇ ಇತ್ತು, 50 ಗ್ರಾಂ ವ್ಯತ್ಯಾಸವನ್ನೂ ತೋರಿಸುವುದು. ಆದರೆ ಕುದಿಯುವ ರಸದ ದೊಡ್ಡ ಪಾತ್ರೆಯನ್ನು ಒಲೆಯಿಂದ ತಕ್ಕಡಿಗೆ ಹೊತ್ತು ಹಾಕುವುದು ಅಪಾಯ. ಅಕ್ಕನದೇ ಉಪಾಯ: ಹತ್ತು ಕೆ.ಜಿ. ಆಸುಪಾಸಿಗೆ ಇಳಿದ ಮೇಲೆ ಒಲೆ ಆರಿಸಿ, ತಣಿದ ಮೇಲೆ ಎರಡು ಹಿಡಿಯ ಸಣ್ಣ ಪಾತ್ರೆಗೆ ಬಗ್ಗಿಸಿ, ದೊಡ್ಡದನ್ನು ಒಂದು ಸೌಟು ರಸದಲ್ಲೇ ತೊಳೆದು ಅದಕ್ಕೇ ಸೇರಿಸುವುದು. ಸಣ್ಣ ಪಾತ್ರೆಯ ತೂಕ 2.10 ಕೆ.ಜಿ. ಅದನ್ನು ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಟ್ಟರು.

ಲೆಕ್ಕ ಹಾಕಿ ಮಾಡಿದ್ದೂ ತಪ್ಪಿದ್ದು

ಗುರಿ ಎಷ್ಟು? ಅತ್ತೆಯ ಹಳೆ ಬಾಟಲಿ ಇತ್ತಲ್ಲ, ಅದರಷ್ಟೇ ಇರಬೇಕು. ಲ್ಯಾಬಿನಲ್ಲಿ ನೋಡಿದೆವು. ಕಾಚಂಪುಳಿ ಕಪ್ಪು, ಗುಲಾಬಿ ಬಣ್ಣ ಬಂದರೂ ಕಾಣಲ್ಲ. ಒಂದೇ ಗ್ರಾಂ ತೆಗೆದು 200 ಎಂ.ಎಲ್. ನೀರಿಗೆ ಹಾಕಿ, ಬಣ್ಣದ ಬದಲು ಆಮ್ಲ-ಕ್ಷಾರ ಅಳೆಯುವ ಪಿಎಚ್ ಮೀಟರ್ ಇಟ್ಟು ಮಾಡಿದೆವು. 30.4 ಎಂ.ಎಲ್. ಹಿಡಿಯಿತು. ಶೇ. 19.5.

ಲೆಕ್ಕ ಸುಲಭ. 1.2 ಕೆ.ಜಿ. ಆಮ್ಲ ಶೇ. 19.5 ಆಗಬೇಕಾದರೆ ಒಟ್ಟು ತೂಕ 6.15 ಕೆ.ಜಿ. ನಾಲ್ಕನೇ ಕುದಿ. ತಕ್ಕಡಿ ಮೇಲೆ ಪಾತ್ರೆ ಸೇರಿ 8.25 ಬಂದಾಗ ಇಳಿಸಿದರು. ನನಗೆ ಗೆದ್ದ ಖುಷಿ.

ಆರಿದ ಮೇಲೆ ಅಕ್ಕ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟರು. ಪಕ್ಕದ ಉಗುರಿನ ಮೇಲೆ ಅತ್ತೆಯ ಬಾಟಲಿಯ ಒಂದು ಹನಿ. ಕೈ ಓರೆ ಮಾಡಿದರು. ಅತ್ತೆಯದು ಕೂತಲ್ಲೇ ಕೂತಿತ್ತು. ನಮ್ಮದು ಜಾರಿ ಬೆರಳ ಸಂದಿಗೆ ಇಳಿಯಿತು. ಅವರು ಏನೂ ಹೇಳಲಿಲ್ಲ, ಸೆರಗಿಗೆ ಒರೆಸಿಕೊಂಡರು.

ಲ್ಯಾಬಿಗೆ ತಂದು ನೋಡಿದರೆ ಇನ್ನೂ ಗೊಂದಲ. ಒಂದು ಗ್ರಾಂಗೆ 30.4 ಎಂ.ಎಲ್. ಬರಬೇಕಿತ್ತು, 25.0ಕ್ಕೇ ಮುಗಿಯಿತು. ಶೇ. 16.0. ಮೂರೂವರೆ ಶೇಕಡಾ ಕಡಿಮೆ. 6.15 ಕೆ.ಜಿ.ಯಲ್ಲಿ ಅದು ಸುಮಾರು 215 ಗ್ರಾಂ ಆಮ್ಲ. ಎಲ್ಲಿ ಹೋಯಿತು?

ಹುಡುಗನ ಮೊದಲ ಅನುಮಾನ ಆವಿಯ ಮೇಲೆ. ಅನುಮಾನ ಸರಿಯಾದದ್ದೇ. ಬುಟ್ಟಿಯಲ್ಲಿ ಹಣ್ಣು ದಿನಗಟ್ಟಲೆ ಕೊಳೆಯುವಾಗ ಹುದುಗು ಬಂದು ಸ್ವಲ್ಪ ಅಸಿಟಿಕ್ ಆಮ್ಲ ಆಗಿರುತ್ತದೆ. ಕಾಚಂಪುಳಿಗೆ ಕೊಡಗಿನ ವಿನೆಗರ್ ಎಂಬ ಹೆಸರು ಬೇರೆ ಇದೆ. ಅಸಿಟಿಕ್ ಆಮ್ಲ ಆವಿಯ ಜೊತೆ ಹಾರಿಹೋಗುತ್ತದೆ. ಹಾಗಾದರೆ 'ಕರಗಿದ್ದು ಉಳಿಯುತ್ತದೆ' ಎಂಬ ನಮ್ಮ ತಳಪಾಯವೇ ಸುಳ್ಳು.

ನೋಡಿಯೇ ಬಿಡೋಣ ಎಂದು ಮುಂದಿನ ಕುದಿಯಲ್ಲಿ ಸ್ಟೀಲ್ ಮುಚ್ಚಳಕ್ಕೆ ಒದ್ದೆ ಬಟ್ಟೆ ಹೊದಿಸಿ ಆವಿಯ ಮೇಲೆ ಓರೆಯಾಗಿ ಹಿಡಿದೆವು. ಇಳಿದ ಹನಿಗಳನ್ನು ಲೋಟಕ್ಕೆ ಹಿಡಿದೆವು. ಮೂಸಿದರೆ ಸ್ವಲ್ಪ ಹುಳಿ ಘಾಟು ಇತ್ತು. ನೀಲಿ ಲಿಟ್ಮಸ್ ಮೆಲ್ಲಗೆ ಕೆಂಪಾಯಿತು. ಹುಡುಗ ಗೆದ್ದೆ ಅಂದುಕೊಂಡ. ಆದರೆ 20 ಎಂ.ಎಲ್. ನೀರಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಿಡಿದದ್ದು ಬರೀ 0.6 ಎಂ.ಎಲ್. ಅದೇ ಲೆಕ್ಕದಲ್ಲಿ 34 ಕೆ.ಜಿ. ಆವಿಗೂ ಹೋದದ್ದು ಆರು-ಏಳು ಗ್ರಾಂ. ಬೇಕಾಗಿರುವುದು 215. ಲಿಟ್ಮಸ್ ಕೆಂಪಾದದ್ದು ನಿಜ, ಅದೇ ಕಾರಣ ಎಂಬುದು ನಿಜವಲ್ಲ. ಇಂಥ ಕಡೆ 'ಇದೆ' ಎಂದು ನಿಲ್ಲಿಸದೆ 'ಎಷ್ಟಿದೆ' ಎಂದು ಕೇಳಿದ್ದು ನಮ್ಮನ್ನು ಉಳಿಸಿತು.

ಉತ್ತರ ಇದ್ದದ್ದು ಆಮ್ಲದ ಹೆಸರಿನಲ್ಲೇ. ಹಿಂದೆ ಈ ಹಣ್ಣಿನ ಹುಳಿಯನ್ನು ಸಿಟ್ರಿಕ್, ಟಾರ್ಟಾರಿಕ್ ಎಂದೆಲ್ಲ ತಿಳಿದಿದ್ದರು. 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಇದು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಅದರ ಒಂದು ಅಣುವಿಗೆ ಮೂರು ಆಮ್ಲ ಗುಂಪು. ಕಾಯಿಸಿ ಗಟ್ಟಿ ಮಾಡುತ್ತಾ ಹೋದರೆ ಒಂದು ಆಮ್ಲ ಗುಂಪು ಅದೇ ಅಣುವಿನ ಹೈಡ್ರಾಕ್ಸಿಲ್ ಗುಂಪಿಗೆ ಅಂಟಿಕೊಂಡು, ಒಂದು ನೀರಿನ ಅಣು ಬಿಟ್ಟು, ಉಂಗುರವಾಗಿ ಬಿಡುತ್ತದೆ. ಅದಕ್ಕೆ ಲ್ಯಾಕ್ಟೋನ್ ಎನ್ನುತ್ತಾರೆ. ಲ್ಯಾಕ್ಟೋನ್ ಆದ ಅಣು ನಮ್ಮ ಬ್ಯುರೆಟ್ಟಿಗೆ (ಕ್ಷಾರ ಅಳೆದು ಬಿಡುವ ಕೊಳವೆಗೆ) ಎರಡೇ ಗುಂಪು ತೋರಿಸುತ್ತದೆ, ಮೂರನೆಯದು ಮಡಚಿಕೊಂಡು ಕೂತಿರುತ್ತದೆ. ಆಮ್ಲ ಪಾತ್ರೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ನಮ್ಮ ಅಳತೆಗೆ ಕಂಡಿರಲಿಲ್ಲ.

ಪರೀಕ್ಷೆ ಬದಲಿಸಿದೆವು. ಸೋಡಿಯಂ ಹೈಡ್ರಾಕ್ಸೈಡನ್ನು ಬೇಕಾದ್ದಕ್ಕಿಂತ ಜಾಸ್ತಿ ಹಾಕಿ, ಹದವಾಗಿ ಬಿಸಿ ಮಾಡಿ, ಉಂಗುರ ಬಿಡಿಸಿ, ಉಳಿದ ಕ್ಷಾರ ಎಷ್ಟು ಎಂದು ತಿಳಿದ ಆಮ್ಲದಿಂದ ಹಿಂದಕ್ಕೆ ಅಳೆಯುವುದು. ಬಿಸಿ ಹದವಾಗಿಯೇ ಇರಬೇಕು. ಸಕ್ಕರೆ ಇರುವ ರಸವನ್ನು ಕ್ಷಾರದಲ್ಲಿ ಜೋರಾಗಿ ಕಾಯಿಸಿದರೆ ಸಕ್ಕರೆಯೂ ಒಡೆದು ಹೊಸ ಆಮ್ಲ ಹುಟ್ಟುತ್ತದೆ, ಆಗ ಲೆಕ್ಕ ಜಾಸ್ತಿಯ ಕಡೆಗೆ ವಾಲುತ್ತದೆ. ಎರಡು ಸಲ ನಾನೇ ಕೆಡಿಸಿದೆ.

ಮೂರನೇ ಸಲ ಬಂದ ಅಂಕಿ: ನಾಲ್ಕನೇ ಕುದಿಯದು ಶೇ. 19.3. ಕಾಗದದ ಲೆಕ್ಕ 19.5 ಹೇಳಿತ್ತು. ಉಳಿದ ಚೂರು ಆವಿಗೆ, ಸೌಟಿಗೆ, ತೆಗೆದು ಎಸೆದ ನೊರೆಗೆ ಹೋಗಿರಬೇಕು. ಅತ್ತೆಯ ಬಾಟಲಿಯದು ಶೇ. 25.0.

ಅಂದರೆ ಸೂತ್ರ ಸರಿ ಇತ್ತು. ನಾನು ಅದಕ್ಕೆ ಕೊಟ್ಟ ಗುರಿ ತಪ್ಪಾಗಿತ್ತು. ಹಸಿ ರಸದ ಹುಳಿಯನ್ನು ಒಂದು ಮೊಳದಲ್ಲಿ ಅಳೆದು, ಹಳೆ ಬಾಟಲಿಯ ಹುಳಿಯನ್ನು ಇನ್ನೊಬ್ಬರ ಮೊಳದಲ್ಲಿ ಅಳೆದು, ಎರಡನ್ನೂ ಒಂದೇ ಸಮೀಕರಣದಲ್ಲಿ ಕೂರಿಸಿದ್ದೆ. ಅಕ್ಕನ ಉಗುರಿಗೆ ಗೊತ್ತಾದದ್ದು ನನ್ನ ಪಿಎಚ್ ಮೀಟರಿಗೆ ಗೊತ್ತಾಗಿರಲಿಲ್ಲ. ಅದನ್ನು ಹೇಳಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು.

ಐದು ಬಾಟಲಿ ಎಲ್ಲಿ?

ಹೊಸ ಗುರಿ ಶೇ. 25. 1.2 ಭಾಗಿಸು 0.25, 4.8 ಕೆ.ಜಿ. ಪಾತ್ರೆ ಸೇರಿ 6.90. ಐದನೇ ಕುದಿ ಅಲ್ಲಿ ನಿಂತಿತು. ಉಗುರಿನ ಮೇಲೆ ಹನಿ ಕೂತಿತು.

ಆ ರಾತ್ರಿ ಫೋನ್. ದನಿಯಲ್ಲಿ ಸಿಟ್ಟು. 4.8 ಕೆ.ಜಿ. ಅಂದರೆ 19 ಬಾಟಲಿ ಎಂದು ಅಕ್ಕ 19 ತೊಳೆದು ಒಣಗಿಸಿದ್ದರು. ತುಂಬಿದ್ದು 14, ಹದಿನೈದನೆಯದು ಅರ್ಧ. ಕೆಲಸಕ್ಕೆ ಬರುವವರ ಮೇಲೆ ಅನುಮಾನದ ಮಾತು ಬಾಯಿ ತುದಿಗೆ ಬಂದಿತ್ತು.

ಯಾರೂ ತೆಗೆದಿರಲಿಲ್ಲ. ಗಟ್ಟಿಯಾದಷ್ಟೂ ಸಾಂದ್ರತೆ ಏರುತ್ತದೆ. ಈ ಹದದಲ್ಲಿ ಒಂದು ಲೀಟರ್ ಕಾಚಂಪುಳಿ 1.32 ಕೆ.ಜಿ. ತೂಗುತ್ತದೆ. 4.8 ಕೆ.ಜಿ. ಅಂದರೆ 3.64 ಲೀಟರ್. ಹದಿನಾಲ್ಕೂವರೆ ಬಾಟಲಿ. ಜೇನು ಮಾರುವ ಮನೆಯವರಿಗೆ ಇದು ಗೊತ್ತಿರಬೇಕಿತ್ತು, ಒಂದು ಲೀಟರ್ ಬಾಟಲಿಯಲ್ಲಿ ಒಂದು ಕೆ.ಜಿ. ಜೇನು ಹಾಕಿದರೆ ಮೇಲೆ ಜಾಗ ಉಳಿಯುತ್ತದಲ್ಲ. ಅಷ್ಟು ಹೇಳಿದ ಮೇಲೆ ಅವರೇ ನಕ್ಕರು. ಅತ್ತೆಯ ಕಾಲದ 13-14 ಬಾಟಲಿಯ ನೆನಪೂ ಆಗ ತಾಳೆಯಾಯಿತು.

ಮಳೆ ಕೆಡಿಸಿದ್ದು, ಮಳೆಯೇ ಕಲಿಸಿದ್ದು

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ವಾರ ಮಾಡಿನ ನೀರು ಬುಟ್ಟಿಗೆ ಬಿದ್ದಿತ್ತು. ರಸದ ಹುಳಿ ಶೇ. 2.1ಕ್ಕೆ ಇಳಿದಿತ್ತು. ಅದೇ 40 ಕೆ.ಜಿ.ಯಲ್ಲಿ ಈಗ ಆಮ್ಲ 840 ಗ್ರಾಂ ಮಾತ್ರ, ಇಳಿಸಬೇಕಾದದ್ದು 3.36 ಕೆ.ಜಿ.ಗೆ. 'ಪಾತ್ರೆ ಸೇರಿ 6.90' ಎಂದು ಗೋಡೆ ಮೇಲೆ ಬರೆದದ್ದು ಈ ರಸಕ್ಕೆ ನಡೆಯಲ್ಲ. ಪ್ರತಿ ಸಲ ಅಕ್ಕ ಕಾಲೇಜಿಗೆ ರಸ ಹೊತ್ತುಕೊಂಡು ಬರುವುದೂ ನಡೆಯಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಅಡುಗೆಮನೆಗೆ ಹೋಗಕೂಡದು, ಅದನ್ನು ಮೊದಲೇ ಹೇಳಿದ್ದೆ.

ದಾರಿ ಸಿಕ್ಕಿದ್ದು ಹುಡುಗನಿಗೆ. ಅವನು ಪ್ರತಿ ರಸದ ಬ್ರಿಕ್ಸನ್ನೂ ಸುಮ್ನೆ ಬರೆದಿಟ್ಟುಕೊಂಡಿದ್ದ. ಮಳೆ ನೀರು ಬಿದ್ದ ರಸ 5.6 ತೋರಿಸಿತ್ತು. 'ಸರ್, 3.0 ಭಾಗಿಸು 8, 2.1 ಭಾಗಿಸು 5.6. ಎರಡೂ ಒಂದೇ.'

ಎರಡೂ 0.375. ಆಗಲೇಬೇಕಲ್ಲ. ನೀರು ಸೇರಿದರೆ ಹುಳಿಯೂ ಸಕ್ಕರೆಯೂ ಒಟ್ಟಿಗೆ ತೆಳುವಾಗುತ್ತವೆ, ನೀರು ಹೋದರೆ ಒಟ್ಟಿಗೆ ಗಟ್ಟಿಯಾಗುತ್ತವೆ. ಒಂದರ ಲೆಕ್ಕದಲ್ಲಿ ಇನ್ನೊಂದು ಬದಲಾಗುವುದಿಲ್ಲ. ಹಾಗಿದ್ದ ಮೇಲೆ ಎಷ್ಟು ರಸದಿಂದ ಹೊರಟೆವು, ಮಳೆ ಎಷ್ಟು ಬಿತ್ತು, ಎಷ್ಟು ಆವಿಯಾಯಿತು, ಯಾವುದೂ ಬೇಡ. ಬ್ರಿಕ್ಸ್ 66.7ಕ್ಕೆ ಬಂದಾಗ ಹುಳಿ ಶೇ. 25 ಆಗಿರುತ್ತದೆ. ಬ್ರಿಕ್ಸ್ ಸಕ್ಕರೆಗೆ ಮಾಡಿದ ಅಳತೆ, ಆಮ್ಲ ಬೆರೆತ ರಸಕ್ಕೆ ಪೂರ್ತಿ ನಿಖರ ಅಲ್ಲ. ನಮಗೆ ಅದು ಗುರುತಿನ ಸಂಖ್ಯೆ ಮಾತ್ರ, ಕೋಲಿನ ಗೀರಿನ ಹಾಗೆ. ಆದರೆ ಪಾತ್ರೆ ಬದಲಾದರೂ ಇದು ಬದಲಾಗುವುದಿಲ್ಲ.

ಅಕ್ಕನ ಮನೆಯ ರಿಫ್ರಾಕ್ಟೋಮೀಟರ್ 32ರವರೆಗೆ ಮಾತ್ರ ತೋರಿಸುತ್ತದೆ. ಅದಕ್ಕೂ ಅದೇ ಸೂತ್ರ: 10 ಗ್ರಾಂ ಕಾಚಂಪುಳಿ, 30 ಗ್ರಾಂ ನೀರು, ಕಲಕಿ, ತಣಿಸಿ ಒಂದು ಹನಿ ಗಾಜಿನ ಮೇಲೆ. 16.7 ಬಂದರೆ ಹದ. 15 ಬಂದರೆ ಇನ್ನೂ ಕುದಿಸಬೇಕು. 18 ದಾಟಿದರೆ ಕುದಿಸಿದ ನೀರು ಸ್ವಲ್ಪ ಸೇರಿಸಬೇಕು. ಹಾಗೆಯೇ ಆ 11 ಬಾಟಲಿ ಡಾಂಬರನ್ನೂ ಬಿಸಿ ನೀರಿನಲ್ಲಿ ಸಡಿಲಿಸಿ, ಒಂದು ಕುದಿ ಬರಿಸಿ, ಬಚಾವು ಮಾಡಿದರು. 38 ಬಾಟಲಿಯದು ಉಳಿಯಲಿಲ್ಲ. ಪೊರೆ ಕಟ್ಟಿದ್ದನ್ನು ಮತ್ತೆ ಕುದಿಸಿ ಮಾರುವುದು ಬೇಡ ಎಂದು ಅಕ್ಕನೇ ತೋಟದ ಗುಂಡಿಗೆ ಸುರಿದರು. ಲೆಕ್ಕದಿಂದ ಸರಿಪಡಿಸಲಾಗದ್ದು ಇಡೀ ಪ್ರಕರಣದಲ್ಲಿ ಅದೊಂದೇ.

ಹಣ್ಣಿನ ಮಾಗುವಿಕೆ ಬದಲಾದರೆ ಈ 0.375 ಕೂಡ ಕದಲಬಹುದು. ಆ ಮಳೆಗಾಲದಲ್ಲಿ ನಾಲ್ಕು ಬುಟ್ಟಿಗಳ ರಸ ನೋಡಿದೆವು, 0.36ರಿಂದ 0.39ರ ಒಳಗಿತ್ತು. ಶೇ. 24 ಆಗುತ್ತದೆ, 26 ಆಗುತ್ತದೆ, ಸಾರಿಗೆ ಅಷ್ಟು ಏನಲ್ಲ. ಬೇರೆ ಮನೆಯ ಮರದ ಹಣ್ಣಿಗೆ ಈ ಸಂಖ್ಯೆ ಹಾಗೇ ಎತ್ತಿಕೊಳ್ಳಬೇಡಿ. ಅತ್ತೆಯ ಕೋಲನ್ನು ಹೊಸ ಪಾತ್ರೆಗೆ ಇಳಿಬಿಟ್ಟ ಹಾಗಾಗುತ್ತದೆ.

ಆ ಕೋಲು ಈಗ ಒಲೆಯ ಹಿಂದಿನ ಗೋಡೆಯಲ್ಲಿ, 'ಪಾತ್ರೆ 2.10' ಎಂಬ ಇದ್ದಿಲ ಬರಹದ ಪಕ್ಕ ಸಿಕ್ಕಿಸಿದೆ. 6.90 ಅನ್ನು ಅಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿ 16.7 ಎಂದು ಬರೆದಿದ್ದಾರೆ. ರಿಫ್ರಾಕ್ಟೋಮೀಟರ್ ನೋಡಿದ ಮೇಲೂ ಇಳಿಸುವ ಮೊದಲು ಉಗುರಿನ ಮೇಲೆ ಒಂದು ಹನಿ ಬಿಡುತ್ತಾರೆ. ನನ್ನ ಲ್ಯಾಬಿನ ಕಪಾಟಿನಲ್ಲಿ ಐದನೇ ಕುದಿಯ ಎರಡು ಬಾಟಲಿ ತಾರೀಕು ಬರೆದು ಇಟ್ಟಿದ್ದೇನೆ. ಇಟ್ಟಷ್ಟು ದಿನ ಲ್ಯಾಕ್ಟೋನ್ ಏರುತ್ತಾ ಹೋಗುತ್ತದೆಯೇ ಎಂದು ಬರುವ ಕಕ್ಕಡದಲ್ಲಿ ಹುಡುಗನೇ ತೆಗೆದು ಅಳೆಯಬೇಕು.